ಹಾರ್ಡ್ ಡಿಸ್ಕ್ ಕೆಟ್ಟರೂ ಲೆಕ್ಕ ಕೆಡದಿರಲಿ



ನಮ್ಮ ಹಿರಿಯರು ಹೊಟೇಲಿನ ಲೆಕ್ಕವನ್ನು ಕೆಂಪು ಬಟ್ಟೆಯ ಹೊದಿಕೆ ಇರುವ ಉದ್ದನೆಯ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಪುಸ್ತಕದ ಮೇಲೆ ಚಹಾ ಚೆಲ್ಲಿದರೆ ನಾಲ್ಕು ಪುಟ ಹಾಳಾಗುತ್ತಿತ್ತು, ಗೆದ್ದಲು ಹಿಡಿದರೆ ಅಂಚು ಹೋಗುತ್ತಿತ್ತು. ಆದರೂ ಉಳಿದ ಪುಟಗಳನ್ನು ಓದಬಹುದಿತ್ತು. ಇಂದು ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ನಮ್ಮ ಹೊಟೇಲುಗಳಲ್ಲಿ ಅದೇ ಲೆಕ್ಕ ಗಲ್ಲಾದ ಕೆಳಗಿರುವ ಕಂಪ್ಯೂಟರಿನೊಳಗೆ, ಅಂಗೈಯಷ್ಟು ದೊಡ್ಡ ಒಂದು ಡಬ್ಬಿಯಲ್ಲಿ ಇರುತ್ತದೆ. ಅದು ಕೆಡುವಾಗ ನಾಲ್ಕು ಪುಟ ಎಂದು ಕೆಡುವುದಿಲ್ಲ. ಹತ್ತು ವರ್ಷದ ಲೆಕ್ಕ ಒಂದೇ ಬೆಳಿಗ್ಗೆ ಹೋಗಬಹುದು.

ಆ ಡಬ್ಬಿಯಲ್ಲಿ ಏನೇನಿದೆ ಎಂದು ಒಮ್ಮೆ ಲೆಕ್ಕ ಹಾಕೋಣ. ದಿನದ ಬಿಲ್ಲುಗಳು, ಸುತ್ತಲಿನ ಆಫೀಸು ಮತ್ತು ಕಾರ್ಖಾನೆಗಳಿಗೆ ಉದ್ರಿ ಕೊಟ್ಟ ಊಟ-ತಿಂಡಿಯ ಬಾಕಿ, ಕಾರ್ಮಿಕರಿಗೆ ಕೊಟ್ಟ ಅಡ್ವಾನ್ಸ್, ತರಕಾರಿ, ಹಾಲು, ಗ್ಯಾಸಿನವರಿಗೆ ಕೊಡಬೇಕಾದ ಹಣ, ಜಿಎಸ್‌ಟಿ ಲೆಕ್ಕ. ಕೇಟರಿಂಗ್ ಮಾಡುವವರಿಗಾದರೆ ಮುಂದಿನ ಮದುವೆ ಸೀಸನ್ನಿನ ಆರ್ಡರುಗಳು: ಯಾವ ದಿನ, ಯಾವ ಹಾಲ್, ಎಷ್ಟು ಪ್ಲೇಟ್, ಯಾವ ಮೆನು, ಎಷ್ಟು ಮುಂಗಡ ಬಂದಿದೆ. ಹೊಸ ಹಾರ್ಡ್ ಡಿಸ್ಕ್ ಸಂಜೆಯೊಳಗೆ ಸ್ಟೇಷನ್ ಪಕ್ಕದ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿದ್ದ ಉದ್ರಿ ಖಾತೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬಾಕಿ ಎಷ್ಟೆಂದು ಗಿರಾಕಿಯನ್ನೇ ಕೇಳಬೇಕಾದ ಸ್ಥಿತಿ ಬಂದರೆ ವ್ಯಾಪಾರಸ್ಥನಿಗೆ ಅದಕ್ಕಿಂತ ದೊಡ್ಡ ಮುಜುಗರ ಬೇರೆ ಇಲ್ಲ.

ಆದುದರಿಂದ ಹಾರ್ಡ್ ಡಿಸ್ಕ್ ಕೆಡುವ ಲಕ್ಷಣ ಕಂಡಾಗ ಏನು ಮಾಡಬೇಕು, ಬ್ಯಾಕಪ್‌ನಿಂದ ಲೆಕ್ಕವನ್ನು ಮರಳಿ ಹೇಗೆ ತರಬೇಕು, ಬ್ಯಾಕಪ್ ಪ್ರತಿಯನ್ನು ಎಲ್ಲಿ ಇಡಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತಿದ್ದೇವೆ. ಇದಕ್ಕೆ ಕಂಪ್ಯೂಟರ್ ಶಿಕ್ಷಣ ಬೇಕಾಗಿಲ್ಲ. ಅಡುಗೆಮನೆಯ ಸ್ಟಾಕ್ ನೋಡಿಕೊಳ್ಳುವಷ್ಟು ಶಿಸ್ತು ಇದ್ದರೆ ಸಾಕು.

ಡಿಸ್ಕ್ ಯಾಕೆ ಕೆಡುತ್ತದೆ?

ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತವೆ. ಅವುಗಳ ಮೇಲೆ ಒಂದು ಪುಟ್ಟ ತಲೆ ಹಾರುತ್ತಾ ಬರೆಯುತ್ತದೆ, ಓದುತ್ತದೆ. ತಟ್ಟೆಗೂ ಆ ತಲೆಗೂ ನಡುವಿನ ಅಂತರ ನಮ್ಮ ತಲೆಗೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಇಷ್ಟು ಸೂಕ್ಷ್ಮವಾದ ಯಂತ್ರವನ್ನು ನಾವು ಎಲ್ಲಿಟ್ಟಿದ್ದೇವೆ? ಗಲ್ಲಾದ ಕೆಳಗೆ, ಕಾಲು ತಾಗುವ ಜಾಗದಲ್ಲಿ, ಒಂದು ಬದಿಯಲ್ಲಿ ದೋಸೆ ತವೆಯ ಎಣ್ಣೆ ಹೊಗೆ, ಇನ್ನೊಂದು ಬದಿಯಲ್ಲಿ ರಸ್ತೆಯ ಧೂಳು. ಎಣ್ಣೆಯ ಜಿಡ್ಡಿಗೆ ಧೂಳು ಅಂಟಿ ಫ್ಯಾನ್ ಕಟ್ಟಿಕೊಳ್ಳುತ್ತದೆ, ಒಳಗಿನ ಬಿಸಿ ಏರುತ್ತದೆ. ಬಿಸಿ ಅಡುಗೆಮನೆಗೆ ಬರುವ ಜಿರಳೆಗೆ ಕಂಪ್ಯೂಟರಿನ ಡಬ್ಬವೂ ಬೆಚ್ಚಗಿನ ಮನೆಯೇ.

ಎರಡನೆಯ ಶತ್ರು ಕರೆಂಟು. 2000ರ ದಶಕದಲ್ಲಿ ಕಲ್ಯಾಣ್, ಡೊಂಬಿವಲಿ ಕಡೆ ಲೋಡ್ ಶೆಡ್ಡಿಂಗ್ ಅನುಭವಿಸಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಈಗ ಆ ಮಟ್ಟದ ಕಡಿತ ಇಲ್ಲವಾದರೂ ನೆಮ್ಮದಿಯಿಂದ ಇರುವಂತಿಲ್ಲ. 2020ರ ಅಕ್ಟೋಬರ್ 12ರಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಕಳವಾ–ಪಡಘಾ ವಿದ್ಯುತ್ ಮಾರ್ಗದ ತೊಂದರೆಯಿಂದಾಗಿ ಮುಂಬಯಿ, ಥಾಣೆ, ನವಿಮುಂಬಯಿ ಒಟ್ಟಿಗೇ ಕತ್ತಲಾದುದು ನೆನಪಿರಬಹುದು. ಬಿಲ್ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಆ ಫೈಲ್ ಅರ್ಧಕ್ಕೆ ನಿಲ್ಲುತ್ತದೆ, ಮರುದಿನ ತೆರೆಯುವುದಿಲ್ಲ. ಪ್ರಿಂಟರಿಗೂ ಟಿವಿಗೂ ಖರ್ಚು ಮಾಡುವ ನಾವು ಗಲ್ಲಾದ ಕಂಪ್ಯೂಟರಿಗೆ ಒಳ್ಳೆಯ ಯುಪಿಎಸ್ ಹಾಕಿಸಿ, ಅದರ ಬ್ಯಾಟರಿ ಸತ್ತಿಲ್ಲವೆಂದು ಆಗಾಗ ನೋಡಿಕೊಳ್ಳುವುದು ಅಗತ್ಯ.

ಇತ್ತೀಚಿನ ಕಂಪ್ಯೂಟರುಗಳಲ್ಲಿ ಎಸ್‌ಎಸ್‌ಡಿ ಬರುತ್ತಿದೆ. ಅದರಲ್ಲಿ ತಿರುಗುವ ಭಾಗ ಇಲ್ಲ, ವೇಗವೂ ಹೆಚ್ಚು, ಅಲುಗಾಟಕ್ಕೆ ಹೆದರುವುದಿಲ್ಲ. ಆದರೆ ಅದು ಕೆಡುವುದೇ ಇಲ್ಲ ಎಂದು ತಿಳಿಯಬಾರದು. ಹಳೆಯ ಡಿಸ್ಕ್ ಸದ್ದು ಮಾಡಿ ಎಚ್ಚರಿಸುವುದಾದರೂ ಉಂಟು, ಎಸ್‌ಎಸ್‌ಡಿ ಸದ್ದಿಲ್ಲದೆ ನಿಂತುಬಿಡಬಹುದು.

ಮುನ್ಸೂಚನೆಗಳು

ಈ ಕೆಳಗಿನ ಯಾವುದೇ ಲಕ್ಷಣ ಕಂಡರೂ ಅದೇ ದಿನ ಎಚ್ಚೆತ್ತುಕೊಳ್ಳಬೇಕು:

1. ಡಬ್ಬದೊಳಗಿಂದ ಟಿಕ್ ಟಿಕ್ ಅಥವಾ ಕೆರೆಯುವಂಥ ಸದ್ದು.
2. ಮೊದಲು ಕೂಡಲೇ ತೆರೆಯುತ್ತಿದ್ದ ಬಿಲ್ಲಿಂಗ್ ಈಗ ನಿಮಿಷಗಟ್ಟಲೆ ಕಾಯಿಸುವುದು.
3. ಕಂಪ್ಯೂಟರ್ ಶುರುವಾಗುವಾಗ ಪ್ರತಿ ಸಲ ಡಿಸ್ಕ್ ತಪಾಸಣೆಗೆ ಹೋಗುವುದು.
4. ನಿನ್ನೆ ಇದ್ದ ಫೈಲ್ ಇಂದು ತೆರೆಯದಿರುವುದು, ಹೆಸರು ವಿಚಿತ್ರ ಅಕ್ಷರಗಳಾಗಿ ಕಾಣುವುದು.
5. ಡಿಸ್ಕ್ ಸದ್ಯದಲ್ಲೇ ಕೈಕೊಡಲಿದೆ ಎಂಬ ಸ್ಮಾರ್ಟ್ ಎಚ್ಚರಿಕೆ ಪರದೆಯ ಮೇಲೆ ಬರುವುದು.

ಗೂಗಲ್ ಕಂಪನಿ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತ್ತು. ಅದರಲ್ಲಿ ನಮಗೆ ಮುಖ್ಯವಾದ ಎರಡು ಸಂಗತಿಗಳಿವೆ. ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್, ದೋಷ ಕಾಣದ ಡಿಸ್ಕಿಗಿಂತ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ 39 ಪಟ್ಟು ಹೆಚ್ಚು. ಅಂದರೆ ಎಚ್ಚರಿಕೆ ಬಂದ ಮೇಲೆ ‘ಈ ತಿಂಗಳು ಹೋಗಲಿ, ಹಬ್ಬ ಮುಗಿಯಲಿ’ ಎನ್ನುವಂತಿಲ್ಲ. ಎರಡನೆಯದು, ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನ ಪ್ರಮುಖ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಎಚ್ಚರಿಕೆ ಬಂದರೆ ನಂಬಬೇಕು, ಬಂದಿಲ್ಲವೆಂದು ಕಂಪ್ಯೂಟರನ್ನು ನಂಬಬಾರದು.

ಕೆಟ್ಟ ದಿನ ಏನು ಮಾಡಬೇಕು?

ಡಿಸ್ಕ್ ಇನ್ನೂ ನಡೆಯುತ್ತಿದೆ, ಆದರೆ ತೊದಲುತ್ತಿದೆ ಎಂದಾದರೆ ಮೊದಲು ಅದರ ಮೇಲೆ ಹೊಸದಾಗಿ ಏನನ್ನೂ ಬರೆಯುವುದನ್ನು ನಿಲ್ಲಿಸಬೇಕು. ಬಿಲ್ಲಿಂಗ್ ನಿಲ್ಲಿಸಿ ಕೈಬರಹದ ಬಿಲ್ ಬುಕ್ಕಿಗೆ ಹೋಗಬೇಕು. ಹೊಟೇಲಿನ ಹೆಸರು, ಜಿಎಸ್‌ಟಿ ನಂಬರ್ ಅಚ್ಚಾಗಿರುವ ಎರಡು ಬಿಲ್ ಬುಕ್ ಸದಾ ಗಲ್ಲಾದಲ್ಲಿರಲಿ. ಮಧ್ಯಾಹ್ನದ ಊಟದ ಹೊತ್ತಿಗೆ ಅವು ಕೈಗೆ ಸಿಕ್ಕಿದರೆ ಕೌಂಟರಿನಲ್ಲಿ ಗಲಾಟೆ ಇರುವುದಿಲ್ಲ, ಕೆಟ್ಟ ಡಿಸ್ಕನ್ನು ಇನ್ನೊಂದು ಗಂಟೆ ಓಡಿಸುವ ಆಸೆಯೂ ಹುಟ್ಟುವುದಿಲ್ಲ.

ಆಮೇಲೆ ಹೊರಗಿನ ಒಂದು ಡಿಸ್ಕಿಗೆ ಕಾಪಿ ಮಾಡಿಕೊಳ್ಳಬೇಕು. ಎಲ್ಲವನ್ನೂ ಒಟ್ಟಿಗೆ ಅಲ್ಲ. ಮೊದಲು ಟ್ಯಾಲಿ ಡೇಟಾ ಫೋಲ್ಡರ್, ನಂತರ ಬಿಲ್ಲಿಂಗ್ ಸಾಫ್ಟ್‌ವೇರಿನ ಡೇಟಾ, ನಂತರ ಆರ್ಡರ್ ಪಟ್ಟಿ, ಸಂಬಳದ ಹಾಳೆ. ಫೋಟೋ, ಹಾಡು, ಸಿನೆಮಾ ಕೊನೆಗೆ. ಸಾಯುತ್ತಿರುವ ಡಿಸ್ಕ್ ಇನ್ನು ಎಷ್ಟು ಹೊತ್ತು ಓದಲು ಬಿಡುತ್ತದೆಂದು ಯಾರೂ ಹೇಳಲಾರರು. ಆ ಹೊತ್ತನ್ನು ಹಾಡಿಗೆ ಖರ್ಚು ಮಾಡಬಾರದು.

ಮಾಡಬಾರದ ಕೆಲಸಗಳು ಇನ್ನೂ ಮುಖ್ಯ:

– ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಆನ್-ಆಫ್ ಮಾಡಬಾರದು. ಒಳಗಿನ ತಲೆ ತಟ್ಟೆಯನ್ನು ಕೆರೆಯುತ್ತಿದ್ದರೆ ಪ್ರತಿ ಸುತ್ತಿನಲ್ಲೂ ಲೆಕ್ಕ ಪುಡಿಯಾಗುತ್ತದೆ. ಕೂಡಲೇ ಆಫ್ ಮಾಡಿ, ಹಾಗೆಯೇ ಇರಲು ಬಿಡಬೇಕು.
– ಡಿಸ್ಕ್ ರಿಪೇರಿ ಮಾಡುವ ಆಜ್ಞೆಗಳನ್ನು ಕೊಡಬಾರದು. ಅವು ಫೈಲುಗಳ ಪಟ್ಟಿಯನ್ನು ತಿದ್ದಿ ಬರೆಯುತ್ತವೆ. ಕೆಟ್ಟ ಡಿಸ್ಕಿನ ಮೇಲೆ ತಿದ್ದುವುದೆಂದರೆ ಇದ್ದುದನ್ನೂ ಅಳಿಸಿದಂತೆ. ಕಾಪಿ ಆದ ಮೇಲೆ ಬೇಕಾದರೆ ಮಾಡಿ.
– ‘ಫಾರ್ಮ್ಯಾಟ್ ಮಾಡಿದರೆ ಸರಿಯಾಗುತ್ತದೆ’ ಎಂದು ಹೇಳುವವರಿಗೆ ಕಂಪ್ಯೂಟರ್ ಕೊಡಬಾರದು. ಕಂಪ್ಯೂಟರ್ ಸರಿಯಾಗಬಹುದು, ಲೆಕ್ಕ ಬರುವುದಿಲ್ಲ.
– ಕಳೆದ ಫೈಲ್ ಹುಡುಕುವ ಸಾಫ್ಟ್‌ವೇರನ್ನು ಅದೇ ಡಿಸ್ಕಿನಲ್ಲಿ ಹಾಕಬಾರದು. ಅದು ಕುಳಿತುಕೊಳ್ಳುವ ಜಾಗದಲ್ಲೇ ನಿಮ್ಮ ಫೈಲ್ ಇದ್ದಿರಬಹುದು.
– ಡಿಸ್ಕಿನ ಮುಚ್ಚಳವನ್ನು ಯಾರೂ ತೆರೆಯಬಾರದು. ಧೂಳಿಲ್ಲದ ವಿಶೇಷ ಕೋಣೆಯಲ್ಲಷ್ಟೇ ಅದನ್ನು ತೆರೆಯುತ್ತಾರೆ. ಅಂಗಡಿಯ ಮೇಜಿನ ಮೇಲೆ ತೆರೆದ ಡಿಸ್ಕಿಗೆ ಒಂದು ಧೂಳಿನ ಕಣವೇ ಬಂಡೆ.
– ನೀರಿಗೆ ಬಿದ್ದ ಕಂಪ್ಯೂಟರಿಗೆ ಕರೆಂಟು ಕೊಡಬಾರದು. ಬಿಸಿಲಿಗೆ, ಭಟ್ಟಿಯ ಬಳಿ ಒಣಗಿಸಲು ಇಡಲೂ ಬಾರದು.

ಬ್ಯಾಕಪ್ ಇಲ್ಲದೆ ಡಿಸ್ಕ್ ಪೂರ್ತಿ ನಿಂತಿದ್ದರೆ ಡೇಟಾ ರಿಕವರಿ ಮಾಡುವ ಲ್ಯಾಬೊಂದೇ ದಾರಿ. ಅಲ್ಲಿ ಖರ್ಚು ಹೊಸ ಕಂಪ್ಯೂಟರಿಗಿಂತ ಹೆಚ್ಚಾಗುವುದು ಸಾಮಾನ್ಯ, ಎಲ್ಲವೂ ಬರುತ್ತದೆಂಬ ಖಾತ್ರಿ ಇಲ್ಲ. ಮೊದಲೇ ಬರವಣಿಗೆಯಲ್ಲಿ ದರ ಪಡೆಯಿರಿ, ಡಿಸ್ಕ್ ಕೊಟ್ಟದ್ದಕ್ಕೆ ಸೀರಿಯಲ್ ನಂಬರ್ ಸಮೇತ ರಸೀದಿ ಪಡೆಯಿರಿ. ಅದರಲ್ಲಿ ಗಿರಾಕಿಗಳ ಫೋನ್ ನಂಬರ್, ಕಾರ್ಮಿಕರ ಆಧಾರ್ ಪ್ರತಿಗಳು ಇರಬಹುದು ಎಂಬುದೂ ನೆನಪಿರಲಿ.

ಬ್ಯಾಕಪ್‌ನಿಂದ ಲೆಕ್ಕ ಮರಳಿ ತರುವ ಕ್ರಮ

ಬ್ಯಾಕಪ್ ಇದ್ದವರಿಗೆ ಇದು ಅರ್ಧ ದಿನದ ಕೆಲಸ. ಆದರೆ ಗಡಿಬಿಡಿ ಮಾಡಿದರೆ ಇದ್ದ ಒಂದೇ ಪ್ರತಿಯನ್ನೂ ಕಳೆದುಕೊಳ್ಳುವ ಅಪಾಯ ಇಲ್ಲಿಯೇ ಇದೆ. ಕ್ರಮ ಹೀಗಿರಲಿ:

ಮೊದಲನೆಯದಾಗಿ, ಬ್ಯಾಕಪ್ ಇರುವ ಪೆನ್ ಡ್ರೈವನ್ನು ಬೇರೊಂದು ಒಳ್ಳೆಯ ಕಂಪ್ಯೂಟರಿಗೆ ಹಾಕಿ, ಅದರ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಮುಂದಿನ ಕೆಲಸವೆಲ್ಲ ಎರಡನೆಯ ಪ್ರತಿಯಿಂದ. ಮೂಲ ಪ್ರತಿ ಕಪಾಟಿನಲ್ಲಿರಲಿ.

ಎರಡನೆಯದಾಗಿ, ಹೊಸ ಡಿಸ್ಕಿಗೆ ವಿಂಡೋಸ್ ಹಾಕಿಸಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿದಿದೆ. ಹೇಗೂ ಹೊಸದಾಗಿ ಹಾಕುವಾಗ ಹಳೆಯದನ್ನೇ ಹಾಕಿಸಬೇಡಿ. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ತಾನಾಗಿಯೇ ಬಿದ್ದಿರಬಹುದು. ಅದರ 48 ಅಂಕಿಗಳ ಕೀಲಿಯನ್ನು ಬರೆದಿಟ್ಟುಕೊಳ್ಳದಿದ್ದರೆ, ಕಂಪ್ಯೂಟರ್ ಕೆಟ್ಟು ಡಿಸ್ಕ್ ಚೆನ್ನಾಗಿಯೇ ಇದ್ದರೂ ಒಳಗಿನ ಲೆಕ್ಕ ತೆರೆಯುವುದಿಲ್ಲ.

ಮೂರನೆಯದಾಗಿ, ಸಾಫ್ಟ್‌ವೇರ್ ಹಾಕಿಸಿ. ಟ್ಯಾಲಿಯಾಗಲಿ, ಬಿಲ್ಲಿಂಗ್ ಸಾಫ್ಟ್‌ವೇರ್ ಆಗಲಿ, ಲೈಸನ್ಸಿನ ಸೀರಿಯಲ್ ನಂಬರ್, ನೋಂದಾಯಿಸಿದ ಇಮೇಲ್, ಪಾಸ್‌ವರ್ಡ್ ಬೇಕಾಗುತ್ತದೆ. ಇಮೇಲ್ ಹಿಂದೆ ಇದ್ದ ಮ್ಯಾನೇಜರನದ್ದಾಗಿದ್ದು, ಅವರು ಕೆಲಸ ಬಿಟ್ಟು ಊರಿಗೆ ಹೋಗಿದ್ದರೆ ಅಲ್ಲಿಗೇ ಕೆಲಸ ನಿಂತಿತು. ಲೈಸನ್ಸ್ ಮಾಲಕರ ಹೆಸರಿನ ಇಮೇಲಿನಲ್ಲೇ ಇರಲಿ.

ನಾಲ್ಕನೆಯದಾಗಿ, ರಿಸ್ಟೋರ್. ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಡೇಟಾ ಮೆನುವಿನಲ್ಲಿ ಬ್ಯಾಕಪ್, ರಿಸ್ಟೋರ್ ಎರಡೂ ಇವೆ. ಯಾವಾಗಲೂ ಹೊಸ, ಖಾಲಿ ಫೋಲ್ಡರಿಗೇ ರಿಸ್ಟೋರ್ ಮಾಡಿ. ಈಗಾಗಲೇ ಡೇಟಾ ಇರುವ ಫೋಲ್ಡರಿನ ಮೇಲೆ ಮಾಡಿದರೆ ಹಳೆಯದು ಹೊಸದನ್ನು ನುಂಗಿಬಿಡುತ್ತದೆ.

ಐದನೆಯದಾಗಿ, ತಾಳೆ ನೋಡಿ. ಕೊನೆಯ ಬಿಲ್ ನಂಬರ್ ಯಾವುದು, ಆ ರಾತ್ರಿಯ ನಗದು ಶಿಲ್ಕು ಗಲ್ಲಾ ಡೈರಿಗೆ ಹೊಂದುತ್ತದೆಯೇ, ಬ್ಯಾಂಕ್ ಬ್ಯಾಲೆನ್ಸ್ ಪಾಸ್‌ಬುಕ್ಕಿಗೆ ಹೊಂದುತ್ತದೆಯೇ, ದೊಡ್ಡ ಐದು ಉದ್ರಿ ಖಾತೆಗಳ ಬಾಕಿ ಸರಿ ಇದೆಯೇ. ಇಷ್ಟು ಸರಿ ಇದ್ದರೆ ರಿಸ್ಟೋರ್ ಆಗಿದೆ ಎನ್ನಬಹುದು. ಪರದೆ ತೆರೆದ ಮಾತ್ರಕ್ಕೆ ಲೆಕ್ಕ ಬಂದಿತೆಂದು ತಿಳಿಯಬಾರದು.

ನಡುವೆ ಹೋದ ದಿನಗಳ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಲ್ಯಾಣ್‌ನ ಒಂದು ಹೊಟೇಲಿನಲ್ಲಿ ರವಿವಾರ ರಾತ್ರಿ ಬ್ಯಾಕಪ್ ಆಗಿದೆ, ಗುರುವಾರ ಬೆಳಿಗ್ಗೆ ಡಿಸ್ಕ್ ಸತ್ತಿದೆ ಎಂದಿಟ್ಟುಕೊಳ್ಳಿ. ರವಿವಾರದವರೆಗಿನ ಲೆಕ್ಕ ಬಂತು. ಸೋಮವಾರ, ಮಂಗಳವಾರ, ಬುಧವಾರ? ಆ ಮೂರು ದಿನಗಳನ್ನು ಹೊರಗಿನ ದಾಖಲೆಗಳಿಂದ ಕಟ್ಟಬೇಕು. ಅವು ಇಲ್ಲಿ ಸಿಗುತ್ತವೆ:

ಯುಪಿಐ ಮತ್ತು ಕಾರ್ಡಿನಲ್ಲಿ ಬಂದ ಹಣ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೂ ಪೇಮೆಂಟ್ ಆ್ಯಪಿನ ವರದಿಯಲ್ಲೂ ಇರುತ್ತದೆ. ಆನ್‌ಲೈನ್ ಪಾರ್ಸೆಲ್ ಆರ್ಡರುಗಳ ಪಟ್ಟಿ ಆಯಾ ಕಂಪನಿ ಹೊಟೇಲಿಗೆ ಕೊಟ್ಟ ಖಾತೆಯಲ್ಲಿ ಸಿಗುತ್ತದೆ. ನಗದು ವ್ಯಾಪಾರಕ್ಕೆ ರಾತ್ರಿ ಗಲ್ಲಾ ಮುಚ್ಚುವಾಗ ಬರೆದ ಡೈರಿ ಮತ್ತು ಅಡುಗೆಮನೆಗೆ ಹೋದ ಕೆಒಟಿ ಚೀಟಿಗಳೇ ಆಧಾರ. ಆದುದರಿಂದ ಕೆಒಟಿಗಳನ್ನು ಅದೇ ರಾತ್ರಿ ಕಸಕ್ಕೆ ಹಾಕಬೇಡಿ. ಮುಂದಿನ ಬ್ಯಾಕಪ್ ಆಗಿ, ಅದು ಸರಿ ಇದೆಯೆಂದು ನೋಡುವವರೆಗೆ ತಂತಿಗೆ ಚುಚ್ಚಿಡಿ. ಖರೀದಿಯ ಲೆಕ್ಕಕ್ಕೆ ಸರಬರಾಜುದಾರರಿಂದ ಖಾತೆಯ ನಕಲು ಕೇಳಬಹುದು. ಅವರು ತಮ್ಮ ರಿಟರ್ನ್ ಸಲ್ಲಿಸಿದ ಮೇಲೆ ಜಿಎಸ್‌ಟಿ ಪೋರ್ಟಲಿನ 2ಬಿ ಪಟ್ಟಿಯಲ್ಲೂ ಆ ಬಿಲ್ಲುಗಳು ಕಾಣುತ್ತವೆ. ನಮ್ಮ ಸಿಎ ಅವರ ಆಫೀಸಿನಲ್ಲಿ ಕಳೆದ ರಿಟರ್ನಿಗಾಗಿ ಕೊಟ್ಟ ಟ್ಯಾಲಿ ಡೇಟಾ ಇರಬಹುದು. ಬ್ಯಾಕಪ್ಪೇ ಇಲ್ಲದವರು ಮೊದಲು ಕೇಳಬೇಕಾದ ಜಾಗ ಅದು.

ಇಲ್ಲಿ ಒಂದು ಮುಖ್ಯ ಸೂಚನೆ. ರವಿವಾರದ ಬ್ಯಾಕಪ್ ಹಾಕಿದ ಕಂಪ್ಯೂಟರಿಗೆ ಸೋಮವಾರದಿಂದ ಕೊಟ್ಟ ಬಿಲ್ಲುಗಳ ನೆನಪಿಲ್ಲ. ಅದು ರವಿವಾರದ ಮುಂದಿನ ನಂಬರಿನಿಂದಲೇ ಶುರು ಮಾಡುತ್ತದೆ. ಗಿರಾಕಿಗಳ ಕೈಯಲ್ಲಿ ಈಗಾಗಲೇ ಇರುವ ನಂಬರುಗಳೇ ಮತ್ತೆ ಬರುತ್ತವೆ. ಜಿಎಸ್‌ಟಿ ನಿಯಮದಂತೆ ಒಂದು ಆರ್ಥಿಕ ವರ್ಷದಲ್ಲಿ ಬಿಲ್ ನಂಬರ್ ಎರಡು ಸಲ ಬರುವಂತಿಲ್ಲ. ಹೋದ ಬಿಲ್ಲುಗಳ ವಿವರ ಸಿಕ್ಕಿದರೆ ಹಳೆಯ ನಂಬರಿನಲ್ಲೇ ಮತ್ತೆ ಬರೆದು ಮುಂದುವರಿಯಿರಿ. ಸಿಗದಿದ್ದರೆ ಸಿಎ ಅವರನ್ನು ಕೇಳಿ, ಬೇರೆ ಅಕ್ಷರದಿಂದ ಆರಂಭವಾಗುವ ಹೊಸ ಸರಣಿ ಶುರು ಮಾಡಿ, ಕಾರಣವನ್ನು ತಾರೀಕು ಹಾಕಿ ಬರೆದಿಡಿ.

ಮೂರು ದಿನದ ಲೆಕ್ಕ ಕಟ್ಟಲು ಇಷ್ಟು ಕಷ್ಟವಾದರೆ ಮೂರು ತಿಂಗಳದ್ದು ಹೇಗಿರಬಹುದು! ಎಷ್ಟು ದಿನಕ್ಕೊಮ್ಮೆ ಬ್ಯಾಕಪ್ ಮಾಡಬೇಕು ಎಂಬ ಪ್ರಶ್ನೆಗೆ ಇದೇ ಉತ್ತರ. ಎಷ್ಟು ದಿನದ ಲೆಕ್ಕವನ್ನು ಕೈಯಿಂದ ಮತ್ತೆ ಬರೆಯಲು ನೀವು ತಯಾರಿದ್ದೀರೋ ಅಷ್ಟು ದಿನಕ್ಕೊಮ್ಮೆ. ಹೊಟೇಲ್ ವ್ಯಾಪಾರದಲ್ಲಿ ಅದು ಪ್ರತಿ ರಾತ್ರಿಯೇ ಆಗಬೇಕೆಂಬುದು ನಮ್ಮ ಅಭಿಪ್ರಾಯ.

ಪ್ರತಿ ಎಲ್ಲಿರಬೇಕು?

ಬ್ಯಾಕಪ್ ಮಾಡುವವರಲ್ಲಿಯೂ ಹಲವರು ಅದನ್ನು ಅದೇ ಕಂಪ್ಯೂಟರಿನ ಡಿ ಡ್ರೈವಿಗೆ ಮಾಡುತ್ತಾರೆ. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಕೋಣೆಗಳಾಗಿದ್ದರೆ ಮನೆ ಬಿದ್ದಾಗ ಎರಡೂ ಬೀಳುತ್ತವೆ. ಇನ್ನು ಕೆಲವರು ಪೆನ್ ಡ್ರೈವನ್ನು ಸದಾ ಕಂಪ್ಯೂಟರಿಗೆ ಚುಚ್ಚಿಯೇ ಇಡುತ್ತಾರೆ. ಇದು ಯಾಕೆ ಸಾಲದು ಎನ್ನುವುದಕ್ಕೆ ನಮ್ಮ ನೆರೆಯಲ್ಲೇ ಪಾಠಗಳಿವೆ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಬಿತ್ತು. ಥಾಣೆ, ಕಲ್ಯಾಣ್, ಡೊಂಬಿವಲಿಯ ತಗ್ಗು ಪ್ರದೇಶಗಳು ಮುಳುಗಿದವು. 2019ರ ಜುಲೈ 27ರಂದು ಉಲ್ಹಾಸ್ ನದಿ ಉಕ್ಕಿ, ಬದ್ಲಾಪುರ–ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸೇ ನೀರಿನಲ್ಲಿ ಸಿಲುಕಿತು. ಡೊಂಬಿವಲಿ ಎಂಐಡಿಸಿಯಲ್ಲಿ 2016ರ ಮೇ 26ರಂದು ಮತ್ತು 2024ರ ಮೇ 23ರಂದು ನಡೆದ ಸ್ಫೋಟಗಳಲ್ಲಿ ಸುತ್ತಲಿನ ಕಟ್ಟಡಗಳ ಗಾಜುಗಳು ಪುಡಿಯಾದವು. ನಮ್ಮ ಹೊಟೇಲುಗಳು ಹೆಚ್ಚಾಗಿ ನೆಲ ಅಂತಸ್ತಿನಲ್ಲಿವೆ. ನೀರು ಅಥವಾ ಬೆಂಕಿ ಬಂದರೆ ಕಂಪ್ಯೂಟರೂ ಅದರ ಪಕ್ಕದ ಡ್ರಾಯರಿನಲ್ಲಿರುವ ಪೆನ್ ಡ್ರೈವೂ ಒಟ್ಟಿಗೇ ಹೋಗುತ್ತವೆ. ಒಂದು ಪ್ರತಿ ಮನೆಯಲ್ಲಿರಬೇಕು, ಅದೂ ಸಾಧ್ಯವಾದರೆ ಮೇಲಿನ ಮಾಳಿಗೆಯಲ್ಲಿ.

ಚುಚ್ಚಿಯೇ ಇಟ್ಟ ಪ್ರತಿಯ ವಿಷಯಕ್ಕೆ ಬಂದರೆ, ನವಿಮುಂಬಯಿಯ ಪಕ್ಕದ ಜೆಎನ್‌ಪಿಟಿ ಬಂದರನ್ನು ನೋಡಿ. 2017ರ ಜೂನ್ 27ರಂದು ‘ನಾಟ್‌ಪೆಟ್ಯಾ’ ಎಂಬ ಕಂಪ್ಯೂಟರ್ ವೈರಸ್ ಡೆನ್ಮಾರ್ಕಿನ ಮಾರ್ಸ್ಕ್ ಹಡಗು ಕಂಪನಿಯ ಯಂತ್ರಗಳನ್ನು ಜಗತ್ತಿನಾದ್ಯಂತ ಹಾಳುಮಾಡಿತು. ಆ ಸಮೂಹ ಇಲ್ಲಿ ನಡೆಸುವ ಟರ್ಮಿನಲ್ಲಿನ ಕೆಲಸವೂ ನಿಂತಿತು. ಆ ಕಂಪನಿಯಲ್ಲಿ ಬಳಕೆದಾರರ ಮಾಹಿತಿಯಿದ್ದ ಸುಮಾರು 150 ಸರ್ವರುಗಳು ಒಂದಕ್ಕೊಂದು ಪ್ರತಿಯಾಗಿದ್ದವು. ಆದರೆ ಎಲ್ಲವೂ ಒಂದೇ ಜಾಲದಲ್ಲಿ ಜೋಡಿಸಿಕೊಂಡಿದ್ದರಿಂದ ಎಲ್ಲವೂ ಒಟ್ಟಿಗೇ ಅಳಿಸಿಹೋದವು. ಉಳಿದದ್ದು ಆಫ್ರಿಕಾದ ಘಾನಾದಲ್ಲಿದ್ದ ಒಂದು ಮಾತ್ರ, ಅದೂ ಅಲ್ಲಿ ಆ ಹೊತ್ತಿಗೆ ಕರೆಂಟು ಹೋಗಿ ಅದು ಜಾಲದಿಂದ ಹೊರಗಿದ್ದುದರಿಂದ! ಅಷ್ಟು ದೊಡ್ಡ ಕಂಪನಿ ಆ ಒಂದು ಪ್ರತಿಯಿಂದ ಮತ್ತೆ ಎದ್ದು ನಿಂತಿತು. ನಾವು ಕರೆಂಟು ಹೋಗುವ ಅದೃಷ್ಟಕ್ಕೆ ಕಾಯಬೇಕಾಗಿಲ್ಲ. ಬ್ಯಾಕಪ್ ಮುಗಿದ ಕೂಡಲೇ ಪೆನ್ ಡ್ರೈವ್ ಕಿತ್ತರೆ ಸಾಕು.

ತಿಳಿದವರು ಇದನ್ನು 3-2-1 ನಿಯಮ ಎನ್ನುತ್ತಾರೆ. ಲೆಕ್ಕದ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಜಾಗದಲ್ಲಿ. ಹೊಟೇಲಿಗೆ ಇದನ್ನು ಹೀಗೆ ಅಳವಡಿಸಬಹುದು:

ಎರಡು ಹೊರ ಡಿಸ್ಕ್ ಅಥವಾ ಒಳ್ಳೆಯ ಪೆನ್ ಡ್ರೈವ್ ತೆಗೆದುಕೊಂಡು ಒಂದಕ್ಕೆ ‘ಅ’, ಇನ್ನೊಂದಕ್ಕೆ ‘ಆ’ ಎಂದು ಚೀಟಿ ಅಂಟಿಸಿ. ಒಂದು ರಾತ್ರಿ ‘ಅ’, ಮರುರಾತ್ರಿ ‘ಆ’. ಅಂದು ಬ್ಯಾಕಪ್ ಮಾಡಿದ್ದು ಮಾಲಕರ ಜೊತೆ ಮನೆಗೆ ಹೋಗಲಿ, ಇನ್ನೊಂದು ಹೊಟೇಲಿನ ಬೀರುವಿನಲ್ಲಿರಲಿ. ಪ್ರತಿ ದಿನದ ಬ್ಯಾಕಪ್ ತಾರೀಕಿನ ಹೆಸರಿರುವ ಹೊಸ ಫೋಲ್ಡರಿಗೆ ಹೋಗಲಿ. ಹಳೆಯದರ ಮೇಲೆಯೇ ಬರೆದರೆ, ಕೆಟ್ಟ ಡೇಟಾ ಒಳ್ಳೆಯ ಪ್ರತಿಯನ್ನು ಅಳಿಸಿಬಿಡುತ್ತದೆ. ತಿಂಗಳ ಕೊನೆಯ ಪ್ರತಿಯನ್ನು ಅಳಿಸದೆ ಬೇರೆ ಡಿಸ್ಕಿನಲ್ಲಿಡಿ. ಮೂರನೆಯದಾಗಿ, ಇಂಟರ್ನೆಟ್ ಇದ್ದವರು ಗೂಗಲ್ ಡ್ರೈವ್‌ನಂಥ ಜಾಗದಲ್ಲಿ ವಾರಕ್ಕೊಮ್ಮೆ ಪಾಸ್‌ವರ್ಡ್ ಹಾಕಿದ ಪ್ರತಿ ಇಡಿ. ಪೆನ್ ಡ್ರೈವುಗಳನ್ನು ಎರಡು-ಮೂರು ವರ್ಷಕ್ಕೊಮ್ಮೆ ಬದಲಾಯಿಸಿ, ಅವೂ ಸಾಯುತ್ತವೆ.

ಬಿಲ್ಲಿಂಗ್ ಪೂರ್ತಿ ಇಂಟರ್ನೆಟ್ ಮೇಲೆಯೇ ನಡೆಯುವವರು ‘ನಮಗೆ ಇದು ಬೇಡ’ ಎನ್ನಬಹುದು. ಡಿಸ್ಕ್ ಕೆಡುವ ಭಯ ಅವರಿಗೆ ಕಡಿಮೆ, ನಿಜ. ಆದರೆ ಕಂಪನಿಯೊಡನೆ ವ್ಯವಹಾರ ಮುಗಿದ ದಿನ, ಚಂದಾ ಕಟ್ಟದ ದಿನ ಡೇಟಾ ಎಲ್ಲಿ? ತಿಂಗಳಿಗೊಮ್ಮೆ ಎಲ್ಲ ವರದಿಗಳನ್ನು ಎಕ್ಸೆಲ್‌ಗೆ ಇಳಿಸಿ ನಿಮ್ಮ ಕೈಯಲ್ಲೂ ಇಟ್ಟುಕೊಳ್ಳಿ.

ಕಾನೂನು ಏನು ಹೇಳುತ್ತದೆ?

ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಉದಾಹರಣೆಗೆ 2023-24ರ ವಾರ್ಷಿಕ ರಿಟರ್ನಿನ ಕೊನೆಯ ದಿನ 2024ರ ಡಿಸೆಂಬರ್ 31. ಆ ಲೆಕ್ಕ 2030ರ ಡಿಸೆಂಬರ್ 31ರವರೆಗೆ ನಮ್ಮಲ್ಲಿ ಇರಬೇಕು. ಗಲ್ಲಾದ ಕಂಪ್ಯೂಟರ್ ಅಷ್ಟು ಕಾಲ ಬಾಳುತ್ತದೆಂದು ಯಾರು ಹೇಳಬಲ್ಲರು? ಜಿಎಸ್‌ಟಿ ನಿಯಮ 57 ಇನ್ನೂ ಸ್ಪಷ್ಟವಾಗಿದೆ. ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು, ಅಪಘಾತ ಅಥವಾ ಪ್ರಕೃತಿ ವಿಕೋಪದಿಂದ ಅದು ನಾಶವಾದರೆ ಸೂಕ್ತ ಅವಧಿಯಲ್ಲಿ ಮರಳಿ ತರಲು ಸಾಧ್ಯವಾಗುವಂತೆ ಬ್ಯಾಕಪ್ ಇಟ್ಟಿರಲೇಬೇಕು. ‘ಸಾಹೇಬರೇ, ಡಿಸ್ಕ್ ಹೋಯಿತು’ ಎಂಬ ಉತ್ತರ ಅಧಿಕಾರಿಯ ಮುಂದೆ ನಿಲ್ಲುವುದಿಲ್ಲ ಎಂದಾಯಿತು. ಪ್ರೈವೇಟ್ ಲಿಮಿಟೆಡ್ ಆಗಿ ನಡೆಯುವ ಹೊಟೇಲುಗಳಿಗೆ 2022ರ ಆಗಸ್ಟಿನ ತಿದ್ದುಪಡಿಯಂತೆ, ಕಂಪ್ಯೂಟರಿನಲ್ಲಿಟ್ಟ ಲೆಕ್ಕದ ಬ್ಯಾಕಪ್ ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿ ದಿನ ಆಗಬೇಕು.

ಯಾರ ಹೊಣೆ?

ಕೊನೆಯದಾಗಿ, ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲ. ಫ್ರಿಜ್ ತೊಳೆಯುವ, ಗ್ಯಾಸ್ ಬಂದ್ ಮಾಡುವ ಪಟ್ಟಿಯಲ್ಲೇ ಬ್ಯಾಕಪ್ಪನ್ನೂ ಸೇರಿಸಿ, ಮಾಡಿದವರು ಸಹಿ ಹಾಕಲಿ. ಈ ಕೆಲಸ ಕನಿಷ್ಠ ಇಬ್ಬರಿಗೆ ಗೊತ್ತಿರಲಿ. ಒಬ್ಬರು ಊರಿಗೆ ಕೋಲ, ಜಾತ್ರೆ, ಮದುವೆಗೆಂದು ಹೋದ ಹದಿನೈದು ದಿನ ಬ್ಯಾಕಪ್ಪೂ ರಜೆ ಹಾಕಬಾರದು. ಪಾಲುದಾರಿಕೆಯ ಹೊಟೇಲಾಗಿದ್ದರೆ ತಿಂಗಳ ಪ್ರತಿ ಪ್ರತಿಯೊಬ್ಬ ಪಾಲುದಾರರ ಬಳಿಯೂ ಇರಲಿ. ಲೆಕ್ಕ ಹೋದಾಗ ಮೊದಲು ಹುಟ್ಟುವುದು ಸಂಶಯ. ವರ್ಷಗಳಿಂದ ಅಣ್ಣ-ತಮ್ಮಂದಿರಂತೆ ಇದ್ದವರ ನಡುವೆ ಅಂಥ ಸಂಶಯಕ್ಕೆ ಎಡೆ ಕೊಡಬಾರದು. ಹೊಟೇಲನ್ನು ಕಂಡಕ್ಟಿಂಗ್‌ಗೆ ಕೊಟ್ಟವರು ಲೆಕ್ಕದ ಪ್ರತಿ ಯಾರ ಬಳಿ, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳಿ.

ಮೂರು ತಿಂಗಳಿಗೊಮ್ಮೆ ಒಂದು ಪರೀಕ್ಷೆಯೂ ಆಗಲಿ. ಬ್ಯಾಕಪ್ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ, ಒಂದು ಉದ್ರಿ ಖಾತೆ ತೆರೆದು ನೋಡಿ. ರುಚಿ ನೋಡದೆ ಸಾಂಬಾರು ಬಡಿಸುವ ಮಹಾರಾಜ ನಮ್ಮಲ್ಲಿಲ್ಲ. ತೆರೆದು ನೋಡದ ಬ್ಯಾಕಪ್ಪನ್ನು ಮಾತ್ರ ನಾವು ವರ್ಷಗಟ್ಟಲೆ ನಂಬುತ್ತೇವೆ.

ಮಳೆಗಾಲಕ್ಕೆ ಮುಂಚೆ ಗಟಾರ ಸ್ವಚ್ಛ ಮಾಡಿಸುತ್ತೇವೆ, ಶೆಡ್ಡಿನ ತಗಡು ನೋಡಿಸುತ್ತೇವೆ. ಅದರ ಜೊತೆ ಗಲ್ಲಾದ ಕಂಪ್ಯೂಟರನ್ನು ನೆಲದಿಂದ ಎರಡು ಅಡಿ ಮೇಲಿಡಿ, ಎರಡು ಪೆನ್ ಡ್ರೈವ್ ತರಿಸಿ, ಇಂದು ರಾತ್ರಿಯೇ ಮೊದಲ ಬ್ಯಾಕಪ್ ಮಾಡಿ ಕಿತ್ತು ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿ. ಸದಸ್ಯ ಬಾಂಧವರೆಲ್ಲರೂ ಈ ಸಣ್ಣ ಕೆಲಸವನ್ನು ನಾಳೆಗೆ ಹಾಕಬಾರದಾಗಿ ವಿನಂತಿ.